ಮಂಕಾದ ಕಾರಿಗೆ ಯಾವ ಪಾಲಿಶ್? ಅಂಗಡಿಗೆ ಹೋಗುವ ಮುನ್ನ ಮಾಡಬೇಕಾದ ಕೆಲಸ

"ಕಾರಿಗೆ ಏಳು ವರ್ಷವಾಯಿತು, ಹೊಳಪು ಹೋಗಿದೆ. ಯಾವ ಪಾಲಿಶ್ ತರಲಿ?" ಓದುಗರಿಂದ ಬರುವ ಪ್ರಶ್ನೆಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಕೇಳುವವರಿಗೆ ಬೇಕಾಗಿರುವುದು ಒಂದು ಬಾಟಲಿಯ ಹೆಸರು. ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಮುಂದಿನ ತಿಂಗಳು ಅವರೇ "ನೀವು ಹೇಳಿದ್ದನ್ನೇ ತಂದೆ, ಏನೂ ಆಗಲಿಲ್ಲ" ಎಂದು ಬರೆಯುತ್ತಾರೆ, ಇಲ್ಲವೇ ಬಾನೆಟ್ಟಿನ ಅಂಚಿನಲ್ಲಿ ಬಣ್ಣ ಸವೆದು ಅಡಿಯ ಪ್ರೈಮರ್ ಇಣುಕುತ್ತಿರುವ ಫೋಟೋ ಕಳಿಸುತ್ತಾರೆ. ಒಂದೇ ತೆರನಾಗಿ ಮಂಕಾಗಿ ಕಾಣುವ ಎರಡು ಕಾರುಗಳಲ್ಲಿ ಒಂದಕ್ಕೆ ಹಿಡಿದಿರುವುದು ಬೋರ್‌ವೆಲ್ ನೀರಿನ ಕಲೆ, ಇನ್ನೊಂದಕ್ಕೆ ಬಿದ್ದಿರುವುದು ಬಿಸಿಲಿನ ಹೊಡೆತ. ಎರಡಕ್ಕೂ ಮದ್ದು ಬೇರೆ. ಆದ್ದರಿಂದ ಈ ಲೇಖನದಲ್ಲಿ ಬಾಟಲಿಯ ಮಾತು ಬರುವುದು ಐದನೆಯ ಹಂತದಲ್ಲಿ. ನೇರವಾಗಿ ಅಲ್ಲಿಗೆ ಹಾರಬೇಡಿ.

ಕೈ ಹಾಕುವ ಮೊದಲು ಗೊತ್ತಿರಬೇಕಾದದ್ದು

ಪಾಲಿಶ್ ನಿಮ್ಮ ಕಾರಿನ ಬಣ್ಣಕ್ಕೆ ಏನನ್ನೂ ಸೇರಿಸುವುದಿಲ್ಲ. ಅದರಲ್ಲಿರುವುದು ಬಹಳ ನುಣ್ಣನೆಯ ಉಜ್ಜುಪುಡಿ, ಹೆಚ್ಚಾಗಿ ಅಲ್ಯೂಮಿನಿಯಂ ಆಕ್ಸೈಡ್. ಗೀರಿನ ಸುತ್ತಲಿನ ಮೇಲ್ಮೈಯನ್ನು ಗೀರಿನ ತಳದ ಮಟ್ಟಕ್ಕೆ ಸವೆಸಿದಾಗ ಗೀರು ಕಾಣದಂತಾಗುತ್ತದೆ, ಬೆಳಕು ಚದುರದೆ ನೇರವಾಗಿ ಪ್ರತಿಫಲಿಸುತ್ತದೆ. ನಾವು ಹೊಳಪು ಎನ್ನುವುದು ಇದನ್ನೇ. ಅಂದರೆ ಪ್ರತಿಸಲ ಪಾಲಿಶ್ ಮಾಡಿಸಿದಾಗಲೂ ಸ್ವಲ್ಪ ಬಣ್ಣ ಖರ್ಚಾಗುತ್ತದೆ.

ಖರ್ಚು ಮಾಡಲು ಇರುವುದೆಷ್ಟು? ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಎಲೆಕ್ಟ್ರೋಕೋಟ್, ಅದರ ಮೇಲೆ ಪ್ರೈಮರ್, ಆಮೇಲೆ ನಿಜವಾದ ಬಣ್ಣವಿರುವ ಬೇಸ್ ಕೋಟ್, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಪಾರದರ್ಶಕ ಕ್ಲಿಯರ್ ಕೋಟ್. ಇವೆಲ್ಲ ಸೇರಿ ಕಾರ್ಖಾನೆಯಿಂದ ಹೊರಬರುವಾಗ ಸಾಮಾನ್ಯವಾಗಿ 90ರಿಂದ 140 ಮೈಕ್ರಾನ್ ದಪ್ಪ ಇರುತ್ತವೆ. ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಪ್ರಿಂಟರಿಗೆ ಹಾಕುವ ಒಂದು ಎ4 ಹಾಳೆಯೇ ಸುಮಾರು 100 ಮೈಕ್ರಾನ್ ಇರುತ್ತದೆ. ನಿಮ್ಮ ಕಾರಿನ ಇಡೀ ಬಣ್ಣ ಅಷ್ಟೇ. ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು 35ರಿಂದ 50 ಮೈಕ್ರಾನ್. ಬಿಸಿಲಿನ ಅತಿನೇರಳೆ ಕಿರಣವನ್ನು ತಡೆಯುವ ರಾಸಾಯನಿಕಗಳು ಇರುವುದೂ ಆ ಪದರದಲ್ಲೇ. ಹಾಗಾಗಿ ಕಾರಿನ ಇಡೀ ಆಯಸ್ಸಿನಲ್ಲಿ ಅದರಿಂದ ಸುಮಾರು 8 ಮೈಕ್ರಾನ್‌ಗಿಂತ ಹೆಚ್ಚು ತೆಗೆಯಬಾರದು ಎಂಬ ಲೆಕ್ಕವನ್ನು ಈ ಕೆಲಸ ಬಲ್ಲವರು ಇಟ್ಟುಕೊಂಡಿರುತ್ತಾರೆ. ನುಣುಪು ಪಾಲಿಶ್ ಒಂದು ಸುತ್ತಿಗೆ ಒಂದು ಮೈಕ್ರಾನ್‌ಗಿಂತ ಕಡಿಮೆ ತೆಗೆಯುತ್ತದೆ. ಒರಟು ಕಾಂಪೌಂಡನ್ನು ಉಣ್ಣೆಯ ಪ್ಯಾಡಿನಲ್ಲಿ ಹಾಕಿ ತಿರುಗಿಸಿದರೆ ಎರಡು-ಮೂರು ಮೈಕ್ರಾನ್ ಹೋಗುವುದು ಸಾಮಾನ್ಯ. ವರ್ಷಕ್ಕೆರಡು ಸಲ ಸರ್ವಿಸ್ ಜೊತೆ "ರಬ್ಬಿಂಗ್ ಪಾಲಿಶ್" ಮಾಡಿಸುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ.

ಬಾಟಲಿಯ ಮೇಲಿನ ಹೆಸರುಗಳು

ನಮ್ಮ ಅಂಗಡಿಗಳಲ್ಲಿ ಹೊಳೆಯುವಂತೆ ಮಾಡುವುದೆಲ್ಲವೂ "ಪಾಲಿಶ್". ಅರ್ಧ ಗೊಂದಲ ಹುಟ್ಟುವುದು ಇಲ್ಲೇ. ಕಾಂಪೌಂಡ್ ಅಥವಾ ರಬ್ಬಿಂಗ್ ಕಾಂಪೌಂಡ್ ಎಂದರೆ ಹೆಚ್ಚು ಕೊರೆಯುವ ಉಜ್ಜುಪುಡಿ ಇರುವ ಲೇಪ. ಪಾಲಿಶ್ ಎಂದರೆ ಅದಕ್ಕಿಂತ ನುಣುಪಾದದ್ದು. ಕಾಂಪೌಂಡ್ ಬಿಟ್ಟುಹೋದ ಮಬ್ಬನ್ನು ತೆಗೆಯುವಂಥದ್ದು. ಇನ್ನೂ ನುಣುಪಾದದ್ದು ಫಿನಿಶಿಂಗ್ ಪಾಲಿಶ್. ಈ ಮೂರೂ ಬಣ್ಣವನ್ನು ಸವೆಸುತ್ತವೆ.

ಗ್ಲೇಜ್ ಎಂಬುದು ಬೇರೆ ಜಾತಿ. ಅದರಲ್ಲಿರುವ ಎಣ್ಣೆ ಮತ್ತು ಭರ್ತಿ ಪದಾರ್ಥಗಳು ಸಣ್ಣ ಗೀರುಗಳೊಳಗೆ ಕುಳಿತು ಅವು ಕಾಣದಂತೆ ಮಾಡುತ್ತವೆ. ನಾಲ್ಕು ಸಲ ತೊಳೆದರೆ ಗೀರು ಮತ್ತೆ ಹಾಜರು. ಹಳೆಯ ಕಾರು ಮಾರುವವರಿಗೆ ಇದು ಬಹಳ ಪ್ರಿಯ, ಕೊಳ್ಳುವವರು ಎಚ್ಚರವಾಗಿರಬೇಕು. ವ್ಯಾಕ್ಸ್, ಸೀಲೆಂಟ್, ಸೆರಾಮಿಕ್ ಕೋಟಿಂಗ್ ಇವು ಮೂರೂ ಕಾಪಾಡುವ ಲೇಪಗಳು. ಇವು ಗೀರು ತೆಗೆಯುವುದಿಲ್ಲ. ಗೀರಿರುವ ಬಣ್ಣದ ಮೇಲೆ ಸೆರಾಮಿಕ್ ಹಾಕಿಸಿದರೆ ಆ ಗೀರುಗಳ ಮೇಲೆಯೇ ಗಟ್ಟಿ ಪದರ ಕೂರಿಸಿದಂತಾಗುತ್ತದೆ. "ಆಲ್ ಇನ್ ಒನ್" ಎಂದು ಬರೆದಿರುವುದರಲ್ಲಿ ಸ್ವಲ್ಪ ಉಜ್ಜುಪುಡಿ, ಸ್ವಲ್ಪ ವ್ಯಾಕ್ಸ್ ಎರಡೂ ಇರುತ್ತವೆ. ದಿನಬಳಕೆಯ ಬಿಳಿ ಅಥವಾ ಬೆಳ್ಳಿ ಬಣ್ಣದ ಕಾರಿಗೆ ಅದು ಕೆಟ್ಟ ಆಯ್ಕೆಯೇನಲ್ಲ.

ಬೇಕಾಗುವ ಸಾಮಾನು

ಎರಡು ಬಕೆಟ್, ಕಾರು ತೊಳೆಯುವ ಶಾಂಪೂ, ತೊಳೆಯಲು ಮೈಕ್ರೋಫೈಬರ್ ಕೈಗವಸು, ಒರೆಸಲು ಎಂಟು-ಹತ್ತು ಸ್ವಚ್ಛವಾದ ಮೈಕ್ರೋಫೈಬರ್ ಬಟ್ಟೆ, ಕ್ಲೇ ಬಾರ್, ಮಾಸ್ಕಿಂಗ್ ಟೇಪ್, ಒಳ್ಳೆಯ ಎಲ್‌ಇಡಿ ಟಾರ್ಚ್, ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಒಂದು ಸ್ಪ್ರೇ ಬಾಟಲಿ. ಕ್ಲೇ ಬಾರ್ ಎಂದರೆ ಬಣ್ಣಕ್ಕೆ ಅಂಟಿದ ಕಣಗಳನ್ನು ಕಿತ್ತು ತೆಗೆಯುವ, ಜೇಡಿಯಂತೆ ಮೆತ್ತಗಿರುವ ಕೃತಕ ಮುದ್ದೆ.

ಯಂತ್ರ ಬೇಕೇ ಎಂಬುದು ನಿಮ್ಮ ಗುರಿಯ ಮೇಲೆ ನಿಂತಿದೆ. ಒಂದು ಡೋರಿನ ಗೀರಿಗೆ ಕೈ ಮತ್ತು ಫೋಮ್ ಪ್ಯಾಡ್ ಸಾಕು. ಇಡೀ ಕಾರನ್ನು ಕೈಯಲ್ಲಿ ಮಾಡುತ್ತೇನೆ ಎಂದು ಹೊರಟರೆ ಎರಡನೆಯ ಡೋರಿಗೆ ಭುಜ ಕೈಕೊಡುತ್ತದೆ. ಮುಗಿದ ಮೇಲೆ ಒಂದು ಕಡೆ ಒಂದು ತರಹ ಕಾಣುತ್ತದೆ. ಕೊಳ್ಳುವುದಾದರೆ ಡಿಎ (ಡ್ಯುಯಲ್ ಆಕ್ಷನ್) ಪಾಲಿಶರ್ ಎನ್ನುವುದನ್ನು ಕೊಳ್ಳಿ. ಇದರ ಪ್ಯಾಡ್ ತಿರುಗುವುದರ ಜೊತೆಗೆ ಅಲುಗಾಡುತ್ತಲೂ ಇರುತ್ತದೆ, ಒತ್ತಡ ಜಾಸ್ತಿಯಾದರೆ ತಿರುಗುವುದನ್ನು ನಿಲ್ಲಿಸಿಬಿಡುತ್ತದೆ; ಹಾಗಾಗಿ ಬಣ್ಣ ಸುಡುವ ಭಯ ಕಡಿಮೆ. ಗ್ಯಾರೇಜುಗಳಲ್ಲಿ ಕಾಣುವ ರೋಟರಿ ಯಂತ್ರ ಒಂದೇ ಅಕ್ಷದಲ್ಲಿ ಬಲವಾಗಿ ಸುತ್ತುತ್ತದೆ. ಪಳಗಿದವರ ಕೈಯಲ್ಲಿ ಅದು ಅದ್ಭುತ ಕೆಲಸ ಮಾಡುತ್ತದೆ, ಹೊಸಬರ ಕೈಯಲ್ಲಿ ಅಂಚುಗಳನ್ನು ತಿಂದುಹಾಕುತ್ತದೆ.

ಹಂತ 1: ತೊಳೆದು, ಅಂಟಿದ್ದನ್ನು ತೆಗೆಯಿರಿ

ನೆರಳಿನಲ್ಲಿ, ಬಾನೆಟ್ ತಣ್ಣಗಿರುವಾಗ ತೊಳೆಯಿರಿ. ಒಂದು ಬಕೆಟ್ಟಿನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಕೈಗವಸನ್ನು ಜಾಲಾಡಲು ಬರೀ ನೀರು. ಪಾತ್ರೆ ತೊಳೆಯುವ ಸೋಪು ದಿನಬಳಕೆಗೆ ಬೇಡ. ಡಾಂಬರಿನ ಚುಕ್ಕೆಗಳಿದ್ದರೆ ಟಾರ್ ರಿಮೂವರ್ ಹಾಕಿ ಒಂದು ನಿಮಿಷ ಬಿಟ್ಟು ಒರೆಸಿ. ಬ್ರೇಕಿನಿಂದ ಹಾರುವ ಕಬ್ಬಿಣದ ಕಣ ಬಣ್ಣದೊಳಗೆ ಚುಚ್ಚಿಕೊಂಡಿದ್ದರೆ, ರೈಲು ಹಳಿಯ ಪಕ್ಕದಲ್ಲಿ ನಿಲ್ಲಿಸುವ ಕಾರುಗಳಲ್ಲಿ ಇದು ಇನ್ನೂ ಹೆಚ್ಚು, ಐರನ್ ರಿಮೂವರ್ ಸಿಂಪಡಿಸಿದಾಗ ಅದು ನೇರಳೆ ಬಣ್ಣಕ್ಕೆ ತಿರುಗಿ ಹರಿಯುತ್ತದೆ.

ಈಗ ಒಂದು ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ, ಒದ್ದೆ ಬಾನೆಟ್ಟಿನ ಮೇಲೆ ಬೆರಳ ತುದಿಗಳನ್ನು ಮೆಲ್ಲಗೆ ಆಡಿಸಿ. ಬರಿಗೈಗೆ ನುಣುಪೆನಿಸಿದ್ದು ಈಗ ಮರಳು ಚೆಲ್ಲಿದಂತೆ ತಿಳಿದರೆ ಕ್ಲೇ ಬಾರ್ ಬೇಕು. ಶಾಂಪೂ ನೀರನ್ನು ಧಾರಾಳವಾಗಿ ಸಿಂಪಡಿಸುತ್ತಾ, ಒತ್ತದೆ, ಅಡ್ಡ-ಉದ್ದ ಜಾರಿಸಿ. ಮುದ್ದೆ ಕೊಳೆಯಾದಂತೆ ಮಡಚಿ ಹೊಸ ಮುಖ ತಿರುಗಿಸಿ. ಕೆಳಗೆ ಬಿದ್ದರೆ ಆ ಮುದ್ದೆಯನ್ನು ಎಸೆದುಬಿಡಿ. ಒಂದು ಮರಳಿನ ಹರಳು ಅಂಟಿದ್ದರೂ ಇಡೀ ಬಾನೆಟ್ಟಿಗೆ ಗೀರೆಳೆಯುತ್ತದೆ. ಬಹಳಷ್ಟು ಕಾರುಗಳ ಮಂಕು ಈ ಹಂತದಲ್ಲೇ ಅರ್ಧ ಹೋಗುತ್ತದೆ.

ಹಂತ 2: ಕ್ಲಿಯರ್ ಕೋಟ್ ಇದೆಯೇ ನೋಡಿ

ಹಳೆಯ ಕಾರುಗಳಲ್ಲಿ, ಕೆಲವು ಸಾದಾ ಬಿಳಿ ಬಣ್ಣದ ಕಾರುಗಳಲ್ಲಿ ಕ್ಲಿಯರ್ ಕೋಟ್ ಇರುವುದಿಲ್ಲ. ಬಣ್ಣವೇ ಕೊನೆಯ ಪದರ. ಡೋರಿನ ಕೆಳಭಾಗದಂಥ ಮರೆಯ ಜಾಗದಲ್ಲಿ ನುಣುಪು ಪಾಲಿಶ್ ಒಂದು ಹನಿ ಹಾಕಿ ಬಟ್ಟೆಯಲ್ಲಿ ಉಜ್ಜಿ. ಬಟ್ಟೆಗೆ ಕಾರಿನ ಬಣ್ಣ ಬಂದರೆ ಕ್ಲಿಯರ್ ಇಲ್ಲ. ಬಿಳಿ ಕಾರಿಗೆ ಕಪ್ಪು ಬಟ್ಟೆ ಬಳಸಿ, ಪಾಲಿಶ್‌ನ ಬಿಳುಪನ್ನು ಬಣ್ಣವೆಂದು ತಿಳಿಯದಂತೆ ಹೆಚ್ಚು ಹೊತ್ತು ಉಜ್ಜಿ ಹೋಲಿಸಿ. ಇಂಥ ಬಣ್ಣ ಬೇಗ ಸುಣ್ಣ ಹಿಡಿದಂತಾಗುತ್ತದೆ, ಆದರೆ ಪಾಲಿಶ್‌ಗೆ ಬೇಗ ಮರಳುತ್ತದೆ ಕೂಡ. ಗುಲಾಬಿಗೆ ತಿರುಗಿದ ಹಳೆಯ ಕೆಂಪು ಕಾರು ಒಂದು ಮಧ್ಯಾಹ್ನದಲ್ಲಿ ಮತ್ತೆ ಕೆಂಪಾಗುವುದು ಇದರಿಂದಲೇ. ಈಗಿನ ಮೆಟಾಲಿಕ್ ಮತ್ತು ಪರ್ಲ್ ಬಣ್ಣಗಳಿಗೆ ಕ್ಲಿಯರ್ ಇದ್ದೇ ಇರುತ್ತದೆ. ಅಲ್ಲಿ ಬಟ್ಟೆಗೆ ಬಣ್ಣ ಬಂದರೆ ಕೂಡಲೇ ಕೈ ನಿಲ್ಲಿಸಿ. ಅಲ್ಲಿ ಕ್ಲಿಯರ್ ಮುಗಿದುಹೋಗಿದೆ ಎಂದೇ ಅರ್ಥ.

ಹಂತ 3: ದೋಷ ಯಾವುದೆಂದು ಗುರುತಿಸಿ

ಇದಕ್ಕೆ ಸಮಯ ಕೊಡಿ. ಟಾರ್ಚನ್ನು ಓರೆಯಾಗಿ ಹಿಡಿದು, ಒಂದೊಂದು ಭಾಗವನ್ನೂ ಬೇರೆ ಬೇರೆ ಕೋನದಿಂದ ನೋಡಿ.

ಬೆಳಕಿನ ಸುತ್ತ ವೃತ್ತ ವೃತ್ತವಾಗಿ ನವಿರಾದ ಎಳೆಗಳು ಕಂಡರೆ ಅವು ಸ್ವರ್ಲ್ ಗುರುತುಗಳು. ಮಾಡಿದವರು ಬಹುತೇಕ ನಾವೇ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬೆಳಗ್ಗೆ ಒಂದೇ ಬಕೆಟ್ ನೀರಿನಲ್ಲಿ, ಒಂದೇ ಬಟ್ಟೆಯಲ್ಲಿ ಸಾಲಾಗಿ ಕಾರುಗಳನ್ನು ಒರೆಸಿಕೊಂಡು ಹೋಗುವ ಪದ್ಧತಿ ಇದೆಯಲ್ಲ, ಅದರ ಫಲ ಇದು. ಹೊಸಪೇಟೆ, ಸಂಡೂರಿನ ಕಡೆ ಅದಿರಿನ ಕೆಂಪು ದೂಳು ಕುಳಿತ ಕಾರನ್ನು ಒಣಬಟ್ಟೆಯಲ್ಲಿ ಒರೆಸಿದರೆ ಒಂದೇ ತಿಂಗಳಲ್ಲಿ ಕಾಣಿಸಿಕೊಳ್ಳುತ್ತದೆ. ಇವು ಆಳವಿಲ್ಲದ ಗೀರುಗಳು. ಮಧ್ಯಮ ಅಥವಾ ನುಣುಪು ಪಾಲಿಶ್‌ಗೆ ಹೋಗುತ್ತವೆ. ಕಾಂಪೌಂಡ್ ಬೇಡ.

ಉಂಗುರದಂಥ ಬಿಳಿ ಕಲೆಗಳಿದ್ದರೆ ಅದು ಗಡಸು ನೀರು ಆರಿ ಉಳಿದ ಸುಣ್ಣ. ಪಾಲಿಶ್ ಮುಟ್ಟುವ ಮೊದಲು ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ತಣ್ಣಗಿರುವ ಬಣ್ಣದ ಮೇಲೆ ಬಟ್ಟೆಯಲ್ಲಿ ಒತ್ತಿ ಒಂದೆರಡು ನಿಮಿಷ ಬಿಟ್ಟು, ಚೆನ್ನಾಗಿ ತೊಳೆಯಿರಿ. ಸುಣ್ಣ ಆಮ್ಲಕ್ಕೆ ಕರಗುತ್ತದೆ. ಆಮೇಲೂ ಉಂಗುರ ಉಳಿದು, ಓರೆ ಬೆಳಕಿನಲ್ಲಿ ಗುಳಿಯಂತೆ ಕಂಡರೆ ಅದು ಕ್ಲಿಯರ್ ಒಳಗೆ ಕೊರೆದಿದೆ ಎಂದರ್ಥ. ಆಗ ಪಾಲಿಶ್ ಬೇಕು. ಹಕ್ಕಿಯ ಹಿಕ್ಕೆಯ ಗುರುತೂ ಹೀಗೆಯೇ. ಬಿಸಿಲಿನಲ್ಲಿ ಮೆತ್ತಗಾದ ಕ್ಲಿಯರ್ ಹಿಕ್ಕೆಯ ಸುತ್ತ ಕುಗ್ಗಿ ಗುಳಿಬೀಳುತ್ತದೆ, ಒಂದು ಮಧ್ಯಾಹ್ನ ಸಾಕು.

ಒಂದೇ ಗೀರು, ಕೀಲಿಕೈ ಎಳೆದದ್ದೋ ಬೇಲಿಯ ಮುಳ್ಳು ತಾಗಿದ್ದೋ ಇದ್ದರೆ ಉಗುರನ್ನು ಅಡ್ಡಲಾಗಿ ಎಳೆಯಿರಿ. ಉಗುರು ಸಿಕ್ಕಿಕೊಳ್ಳದಿದ್ದರೆ ಪಾಲಿಶ್‌ಗೆ ಹೋಗುತ್ತದೆ. ಸಿಕ್ಕಿಕೊಂಡರೆ ಪೂರ್ತಿ ಹೋಗುವುದಿಲ್ಲ. ಅಂಚುಗಳನ್ನು ನುಣುಪಾಗಿಸಿ ಕಣ್ಣಿಗೆ ಕಡಿಮೆ ಬೀಳುವಂತೆ ಮಾಡಬಹುದು, ಅಷ್ಟೇ. ಇನ್ನೊಂದು ಪರೀಕ್ಷೆ: ಗೀರಿನ ಮೇಲೆ ನೀರು ಹಚ್ಚಿ. ಒದ್ದೆಯಾದಾಗ ಕಾಣದಂತಾದರೆ ಗೀರು ಕ್ಲಿಯರ್‌ನಲ್ಲೇ ಇದೆ. ಆಗಲೂ ಬಿಳಿಯಾಗಿಯೋ ಬೂದಾಗಿಯೋ ಕಂಡರೆ ಪ್ರೈಮರ್ ತಲುಪಿದೆ. ಅದಕ್ಕೆ ಟಚ್-ಅಪ್ ಬಣ್ಣ ಬೇಕು. ಸರಿಯಾದ ಬಣ್ಣದ ಕೋಡ್ ಡೋರಿನ ಚೌಕಟ್ಟಿನಲ್ಲೋ ಎಂಜಿನ್ ಕೋಣೆಯಲ್ಲೋ ಇರುವ ಫಲಕದ ಮೇಲಿರುತ್ತದೆ.

ಬೇಸ್‌ಮೆಂಟಿನ ಕಂಬಕ್ಕೆ ಉಜ್ಜಿ ಹಳದಿ-ಕಪ್ಪು ಪಟ್ಟೆ ಬಂದಿದೆಯೇ? ಗಾಬರಿಯಾಗಬೇಡಿ. ಬಹಳ ಸಲ ಅದು ಕಂಬದ ಬಣ್ಣ ನಿಮ್ಮ ಕಾರಿಗೆ ಅಂಟಿದ್ದು. ಕೈಯಲ್ಲೇ ಪಾಲಿಶ್ ಹಾಕಿ ಉಜ್ಜಿದರೆ ಬಿಡುತ್ತದೆ. ಉಳಿದದ್ದನ್ನು ನೋಡಿ ಮುಂದಿನದನ್ನು ಯೋಚಿಸಿ.

ಯಾವ ಪಾಲಿಶ್‌ಗೂ ಬಗ್ಗದ ಮೂರು ದೋಷಗಳಿವೆ. ರೂಫಿನಲ್ಲೋ ಬಾನೆಟ್ಟಿನಲ್ಲೋ ಬಿಳಿಯ ತೇಪೆಗಳಾಗಿ, ಅಂಚು ಹೊಪ್ಪಳೆಯಂತೆ ಎದ್ದಿದ್ದರೆ ಕ್ಲಿಯರ್ ಕೋಟ್ ಕಳಚುತ್ತಿದೆ. ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ವರ್ಷಗಟ್ಟಲೆ ನಿಂತ ಕಾರುಗಳಲ್ಲಿ ಇದನ್ನು ಕಾಣುತ್ತೀರಿ. ಉಜ್ಜಿದಷ್ಟೂ ತೇಪೆ ದೊಡ್ಡದಾಗುತ್ತದೆ. ಕರಾವಳಿಯ ಕಾರುಗಳಲ್ಲಿ ಬಣ್ಣದಡಿ ಎದ್ದ ಗುಳ್ಳೆ ಎಂದರೆ ಒಳಗೆ ತುಕ್ಕು. ಬಣ್ಣದಲ್ಲಿ ಒಣಕೆರೆಯಂಥ ಸೀಳುಗಳಿದ್ದರೆ ಅದೂ ಅಷ್ಟೇ. ಈ ಮೂರಕ್ಕೂ ಟಿಂಕರಿಂಗ್-ಪೇಂಟಿಂಗ್ ಅಂಗಡಿಯೇ ದಾರಿ; ಪಾಲಿಶ್ ದುಡ್ಡು ಅಲ್ಲಿಗೆ ಉಳಿಸಿಕೊಳ್ಳಿ.

ಹಂತ 4: ಎಷ್ಟು ಬಣ್ಣ ಉಳಿದಿದೆ?

ಕಾರು ಹೊಸದಾಗಿ ಕೊಂಡಾಗಿನಿಂದ ನಿಮ್ಮದೇ ಆಗಿದ್ದು, ಒಮ್ಮೆಯೂ ಯಂತ್ರ ತಾಗಿಸಿಲ್ಲವೆಂದರೆ ಈ ಹಂತ ಬಿಡಬಹುದು. ಸೆಕೆಂಡ್ ಹ್ಯಾಂಡ್ ಕಾರಾದರೆ ಬಿಡಬೇಡಿ. ಪೇಂಟ್ ಥಿಕ್ನೆಸ್ ಗೇಜ್ ಎಂಬ ಪುಟ್ಟ ಉಪಕರಣ ಆನ್‌ಲೈನಿನಲ್ಲಿ ಸಿಗುತ್ತದೆ. ಒಳ್ಳೆಯ ಡಿಟೇಲಿಂಗ್ ಅಂಗಡಿಯಲ್ಲಿ ಕೇಳಿದರೆ ಅಳೆದುಕೊಡುತ್ತಾರೆ. ಒಂದೊಂದು ಭಾಗದಲ್ಲಿ ಐದಾರು ಕಡೆ ಇಟ್ಟು ನೋಡಿ.

80 ಮೈಕ್ರಾನ್‌ಗಿಂತ ಕಡಿಮೆ ಬಂದಲ್ಲಿ ಕಾಂಪೌಂಡ್ ಮುಟ್ಟಬೇಡಿ. ಸಣ್ಣ ಕಾರುಗಳಲ್ಲಿ 80-100ರ ಸುತ್ತ ಬರುವುದೂ ಉಂಟು. ಅಲ್ಲಿ ನುಣುಪು ಪಾಲಿಶ್‌ಗೇ ಮಿತಿಗೊಳಿಸಿ. 200 ದಾಟಿದರೆ ಮರುಬಣ್ಣ ಆಗಿದೆ, ಅದಕ್ಕೂ ಬಹಳ ಮೇಲೆ ಹೋದರೆ ಕೆಳಗೆ ಪುಟ್ಟಿ ಇದೆ. ದಪ್ಪವಿದೆಯೆಂದು ಧೈರ್ಯ ಮಾಡಬೇಡಿ, ಏಕೆಂದರೆ ಗೇಜ್ ತೋರಿಸುವುದು ಒಟ್ಟು ದಪ್ಪವನ್ನು. ಅದರಲ್ಲಿ ಕ್ಲಿಯರ್ ಎಷ್ಟು ಎಂದು ಅದಕ್ಕೆ ಗೊತ್ತಿಲ್ಲ. ರೂಫನ್ನು ಯಾರೂ ಹೆಚ್ಚು ಉಜ್ಜುವುದಿಲ್ಲವಾದ್ದರಿಂದ ಅದರ ಅಳತೆಯೊಂದಿಗೆ ಬಾನೆಟ್ಟಿನದನ್ನು ಹೋಲಿಸಿ. ಇಪ್ಪತ್ತು-ಮೂವತ್ತು ಮೈಕ್ರಾನ್ ಕಡಿಮೆಯಿದ್ದರೆ ಹಿಂದಿನವರು ಧಾರಾಳವಾಗಿ ಪಾಲಿಶ್ ಮಾಡಿಸಿದ್ದಾರೆಂದು ಶಂಕಿಸಬಹುದು. ಸಾಮಾನ್ಯ ಗೇಜ್ ಲೋಹದ ಮೇಲೆ ಮಾತ್ರ ಕೆಲಸ ಮಾಡುತ್ತದೆ, ಪ್ಲಾಸ್ಟಿಕ್ ಬಂಪರಿನ ಮೇಲೆ ಮಾಡುವುದಿಲ್ಲ.

ಹಂತ 5: ಪಾಲಿಶ್ ಮತ್ತು ಪ್ಯಾಡ್ ಆರಿಸಿ

ಈಗ ಅಂಗಡಿಗೆ ಹೋಗಬಹುದು. ನೆನಪಿಡಬೇಕಾದ ನಿಯಮ: ಕೆಲಸಕ್ಕೆ ಸಾಲುವ ಅತಿ ಮೃದುವಾದದ್ದನ್ನೇ ಮೊದಲು ಬಳಸಿ. ಸಾಲದಿದ್ದರೆ ಒಂದು ಮೆಟ್ಟಿಲು ಮೇಲೆ ಹೋಗಬಹುದು. ಉಜ್ಜಿ ತೆಗೆದದ್ದನ್ನು ವಾಪಸು ಇಡಲಾಗುವುದಿಲ್ಲ.

ಬರೀ ಮಬ್ಬು, ನವಿರು ಸ್ವರ್ಲ್: ಫಿನಿಶಿಂಗ್ ಪಾಲಿಶ್, ಮೃದು ಫೋಮ್ ಪ್ಯಾಡ್. ಎದ್ದುಕಾಣುವ ಸ್ವರ್ಲ್, ನೀರಿನ ಗುಳಿ, ಹಿಕ್ಕೆಯ ಗುರುತು: ಮಧ್ಯಮ ಪಾಲಿಶ್, ಮಧ್ಯಮ ಗಡಸಿನ ಫೋಮ್ ಪ್ಯಾಡ್. ಸುಣ್ಣ ಹಿಡಿದಂತಾದ ಹಳೆಯ ಬಣ್ಣ, ವಾಟರ್ ಪೇಪರಿನ (ನೀರು ಹಾಕಿ ಉಜ್ಜುವ ಮರಳು ಕಾಗದದ) ಗುರುತು, ಆಳವಾದ ಗೀರು: ಕಾಂಪೌಂಡ್, ಮೈಕ್ರೋಫೈಬರ್ ಅಥವಾ ಗಡಸು ಫೋಮ್ ಪ್ಯಾಡ್, ಅದರ ನಂತರ ಕಡ್ಡಾಯವಾಗಿ ಫಿನಿಶಿಂಗ್ ಪಾಲಿಶ್. ಕಾಂಪೌಂಡ್ ಹಾಕಿ ಅಲ್ಲಿಗೇ ಬಿಟ್ಟರೆ ಗೀರು ಹೋಗಿ ಮಬ್ಬು ಉಳಿಯುತ್ತದೆ, ಕಪ್ಪು ಕಾರಿನಲ್ಲಿ ಅದು ಬಿಸಿಲಿಗೆ ಬಂದ ಕ್ಷಣ ಕಾಣುತ್ತದೆ.

ಪ್ಯಾಡ್ ಬಗ್ಗೆ ಯಾರೂ ಕೇಳುವುದೇ ಇಲ್ಲ. ಆದರೆ ಒಂದೇ ಬಾಟಲಿ ಮೃದು ಪ್ಯಾಡಿನಲ್ಲಿ ಒಂದು ಬಗೆ, ಉಣ್ಣೆಯ ಪ್ಯಾಡಿನಲ್ಲಿ ಇನ್ನೊಂದು ಬಗೆ ಕೊರೆಯುತ್ತದೆ. ಪಾಲಿಶ್ ಸಾಲಲಿಲ್ಲವೆಂದು ಹೊಸ ಬಾಟಲಿ ತರುವ ಮೊದಲು ಅದೇ ಪಾಲಿಶನ್ನು ಒಂದು ದರ್ಜೆ ಗಡಸು ಪ್ಯಾಡಿನಲ್ಲಿ ಹಾಕಿ ನೋಡಿ. ಹಳದಿ, ಕಿತ್ತಳೆ, ಕಪ್ಪು ಎಂಬ ಪ್ಯಾಡಿನ ಬಣ್ಣಗಳನ್ನು ನಂಬಬೇಡಿ. ಒಂದು ಕಂಪನಿಯ ಹಳದಿ ಗಡಸಾದರೆ ಇನ್ನೊಂದರದು ಮೃದು.

ಪಾಲಿಶ್ ಕಂಪನಿಗಳು ಬಾಟಲಿಯ ಮೇಲೆ ಹಾಕುವ ಸಂಖ್ಯೆಗಳೂ ಹಾಗೆಯೇ. ಮೆಗ್ವಯರ್ಸ್‌ನಲ್ಲಿ 105 ಬಲವಾಗಿ ಕೊರೆಯುವ ಕಾಂಪೌಂಡ್, 205 ಮುಗಿಸುವ ಪಾಲಿಶ್. ಮೆನ್ಜೆರ್ನಾದಲ್ಲಿ 400 ಒರಟು, 2500 ಮಧ್ಯಮ, 3500 ನುಣುಪು. ಸೋನಾಕ್ಸ್‌ನ ವೃತ್ತಿಪರ ಸರಣಿಯಲ್ಲಿ 04-06 ಎಂಬಂತೆ ಎರಡು ಅಂಕಿಗಳಿರುತ್ತವೆ: ಮೊದಲನೆಯದು ಕೊರೆಯುವ ಬಲ, ಎರಡನೆಯದು ಹೊಳಪು. ಒಂದು ಕಂಪನಿಯ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಲು ಹೋಗಬೇಡಿ. ಒಂದೇ ಕಂಪನಿಯ ಮಧ್ಯಮ ಮತ್ತು ನುಣುಪು, ಎರಡೇ ಬಾಟಲಿ ಕೊಂಡರೆ ಬಹುತೇಕ ಮನೆಗಳಿಗೆ ಸಾಕು. ಕೈಯಲ್ಲೇ ಮಾಡುವುದಾದರೆ "ಕೈಯಿಂದ ಅಥವಾ ಯಂತ್ರದಿಂದ ಬಳಸಬಹುದು" ಎಂದು ಬರೆದಿರುವುದನ್ನೇ ಆರಿಸಿ.

ಬೆರಳುಗಳ ನಡುವೆ ಉಜ್ಜಿ ನೋಡಿ ಆರಿಸುವ ಹಳೆಯ ಮೇಸ್ತ್ರಿಗಳ ವಿಧಾನ ಈಗ ನಡೆಯದು. ಹಳೆಯ ಡಬ್ಬಿ ಕಾಂಪೌಂಡುಗಳು ಕೈಗೇ ಮರಳು ಮರಳಾಗಿ ಸಿಗುತ್ತಿದ್ದವು. ಈಗಿನ ಬಲವಾದ ಕಾಂಪೌಂಡ್ ಕೂಡ ಬೆಣ್ಣೆಯಷ್ಟು ನುಣುಪಾಗಿದ್ದು ಚೆನ್ನಾಗಿಯೇ ಕೊರೆಯುತ್ತದೆ.

ಇನ್ನು, ಅಂಗಡಿಯಿಂದ ತರಬೇಕಾಗಿಲ್ಲದವು. ಟೂತ್‌ಪೇಸ್ಟ್‌ನಲ್ಲಿ ಉಜ್ಜುಪುಡಿ ಇರುವುದು ನಿಜ, ಆದರೆ ಅದರ ಗಾತ್ರ ನಿಮ್ಮ ಹಲ್ಲಿಗೆ ಲೆಕ್ಕ ಹಾಕಿದ್ದು. ಕೊಬ್ಬರಿ ಎಣ್ಣೆ ಗೀರನ್ನು ಸಂಜೆಯವರೆಗೆ ಮರೆಮಾಚಿ, ಅಷ್ಟರಲ್ಲಿ ಊರಿನ ದೂಳನ್ನೆಲ್ಲ ಹಿಡಿದಿಡುತ್ತದೆ. ಸೀಮೆಎಣ್ಣೆ, ಡೀಸೆಲ್ ಹಾಕಿ ಒರೆಸುವುದೂ ಅದೇ ಕಥೆ. ಒದ್ದೆ ಇರುವಷ್ಟು ಹೊತ್ತು ಮಿಂಚು, ಜೊತೆಗೆ ಇದ್ದ ವ್ಯಾಕ್ಸೂ ಹೋಗುತ್ತದೆ.

ಹಂತ 6: ಒಂದು ಚೌಕದಲ್ಲಿ ಪರೀಕ್ಷೆ

ಬಾನೆಟ್ಟಿನಲ್ಲೋ ಡಿಕ್ಕಿಯ ಮೇಲೋ ಸುಮಾರು ಒಂದೂವರೆ ಅಡಿ ಚೌಕಕ್ಕೆ ಟೇಪ್ ಹಚ್ಚಿ. ಅತಿ ಮೃದು ಜೋಡಿಯಿಂದ, ಅಂದರೆ ಫಿನಿಶಿಂಗ್ ಪಾಲಿಶ್ ಮತ್ತು ಮೃದು ಪ್ಯಾಡಿನಿಂದ ಶುರುಮಾಡಿ. ಮುಗಿಸಿ, ಒರೆಸಿ, ಟೇಪ್ ಕಿತ್ತು, ಪಕ್ಕದ ಜಾಗದೊಂದಿಗೆ ಟಾರ್ಚಿನಲ್ಲಿ ಹೋಲಿಸಿ. ಸಾಲದಿದ್ದರೆ ಮೊದಲು ಪ್ಯಾಡ್ ಬದಲಿಸಿ, ಆಮೇಲೆ ಪಾಲಿಶ್. ಒಮ್ಮೆ ಸರಿಯಾದ ಜೋಡಿ ಸಿಕ್ಕಿತೆಂದರೆ ಇಡೀ ಕಾರಿಗೆ ಅದೇ. ಆದರೆ ಮರುಬಣ್ಣ ಮಾಡಿಸಿದ ಭಾಗಕ್ಕೆ ಬೇರೆ ಪರೀಕ್ಷೆ ಬೇಕು, ಆ ಬಣ್ಣ ಕಾರ್ಖಾನೆಯದಕ್ಕಿಂತ ಸಾಮಾನ್ಯವಾಗಿ ಮೃದು.

ನೂರಕ್ಕೆ ನೂರು ಗೀರು ಹೋಗಲೇಬೇಕು ಎಂಬ ಹಟ ಬೇಡ. ಮುಕ್ಕಾಲು ಪಾಲು ಹೋದರೆ ಎರಡು ಮೀಟರ್ ದೂರದಿಂದ ನೋಡುವವರಿಗೆ ಹೊಸ ಕಾರೇ. ಉಳಿದ ಕಾಲು ಪಾಲನ್ನು ಬೆನ್ನಟ್ಟುವುದರಲ್ಲಿಯೇ ಹೆಚ್ಚು ಬಣ್ಣ ಖರ್ಚಾಗುವುದು.

ಹಂತ 7: ಉಜ್ಜುವ ಕ್ರಮ

ಕಪ್ಪು ಪ್ಲಾಸ್ಟಿಕ್ ಪಟ್ಟಿ, ರಬ್ಬರ್ ಬೀಡಿಂಗ್, ಲೋಗೋ ಎಲ್ಲಕ್ಕೂ ಮಾಸ್ಕಿಂಗ್ ಟೇಪ್ ಹಚ್ಚಿ. ಒರಟು ಪ್ಲಾಸ್ಟಿಕ್ ಮೇಲೆ ಪಾಲಿಶ್ ಒಣಗಿದರೆ ಆ ಬಿಳಿ ಗುರುತು ಹೋಗಿಸುವುದು ಪಾಲಿಶ್ ಮಾಡುವುದಕ್ಕಿಂತ ದೊಡ್ಡ ಕೆಲಸ. ಬಾನೆಟ್ ಮತ್ತು ಡೋರಿನ ಏಣುಗಳ ಮೇಲೂ ಟೇಪ್ ಇರಲಿ. ಬಣ್ಣ ಅತ್ಯಂತ ತೆಳುವಾಗಿರುವುದು ಅಲ್ಲಿ.

ಹೊಸ ಪ್ಯಾಡಿಗೆ ಬಟಾಣಿ ಗಾತ್ರದ ಐದಾರು ಹನಿ, ಮುಂದಿನ ಸಲಗಳಿಗೆ ಮೂರು ಹನಿ ಸಾಕು. ಯಂತ್ರ ಆನ್ ಮಾಡುವ ಮೊದಲೇ ಪ್ಯಾಡನ್ನು ಚೌಕದ ಮೇಲೆಲ್ಲ ಒತ್ತಿ ಹರಡಿ, ಇಲ್ಲವಾದರೆ ಗೋಡೆಗೂ ನಿಮ್ಮ ಅಂಗಿಗೂ ಪಾಲಿಶ್ ಆಗುತ್ತದೆ. ಒಂದೂವರೆ ಅಡಿ ಚೌಕದಲ್ಲಿ, ನಿಧಾನವಾಗಿ, ಒಂದು ಸಾಲು ಹಿಂದಿನ ಸಾಲಿನ ಅರ್ಧವನ್ನು ಮುಚ್ಚುವಂತೆ, ಮೊದಲು ಅಡ್ಡ ಆಮೇಲೆ ಉದ್ದ, ಒಟ್ಟು ನಾಲ್ಕರಿಂದ ಆರು ಸಲ ಹೋಗಿ. ಯಂತ್ರದ ಭಾರಕ್ಕಿಂತ ಸ್ವಲ್ಪವೇ ಹೆಚ್ಚು ಒತ್ತಡ. ಪ್ಯಾಡ್ ಮೇಲ್ಮೈಗೆ ಸಮವಾಗಿ ಕೂರಲಿ. ಓರೆಯಾಗಿಸಿದರೆ ಅಂಚು ಬಿಸಿಯಾಗಿ ಕೊರೆಯುತ್ತದೆ. ಪ್ರತಿ ಚೌಕದ ನಂತರ ಪ್ಯಾಡನ್ನು ಮೆತ್ತನೆಯ ಬ್ರಶ್ಶಿನಲ್ಲಿ ಉಜ್ಜಿ. ಸವೆದ ಬಣ್ಣ ಅದರಲ್ಲೇ ಕಟ್ಟಿಕೊಂಡಿದ್ದರೆ ಅದೇ ಹೊಸ ಗೀರು ಹಾಕುತ್ತದೆ.

ಯಾವಾಗ ನಿಲ್ಲಿಸುವುದು? ಕೆಲವು ಪಾಲಿಶ್‌ಗಳ ಉಜ್ಜುಪುಡಿ ಉಜ್ಜಿದಂತೆ ಪುಡಿಯಾಗಿ ನುಣುಪಾಗುತ್ತದೆ. ಅವನ್ನು ಲೇಪ ತೆಳುವಾಗಿ ಪಾರದರ್ಶಕವಾಗುವವರೆಗೆ ಉಜ್ಜಲೇಬೇಕು, ಅರ್ಧಕ್ಕೆ ಬಿಟ್ಟರೆ ಮಬ್ಬು ಉಳಿಯುತ್ತದೆ. ಇನ್ನು ಕೆಲವುಗಳ ಪುಡಿ ಕೊನೆಯವರೆಗೂ ಅದೇ ಗಾತ್ರದಲ್ಲಿರುತ್ತದೆ. ಅವನ್ನು ದೋಷ ಹೋದ ಕೂಡಲೇ ನಿಲ್ಲಿಸಬಹುದು. ಯಾವುದು ಎಂದು ಬಾಟಲಿಯ ಹಿಂಭಾಗ ಓದಿ. ಆಗಾಗ ಅಂಗೈಯ ಹಿಂಬದಿ ಇಟ್ಟು ನೋಡಿ: ಬೆಚ್ಚಗಿದ್ದರೆ ಸರಿ, ಇಟ್ಟ ಕೈ ಎಳೆದುಕೊಳ್ಳುವಷ್ಟು ಬಿಸಿಯಾದರೆ ಅತಿಯಾಯಿತು. ಪ್ಲಾಸ್ಟಿಕ್ ಬಂಪರ್ ಶಾಖವನ್ನು ಹರಿಯಬಿಡುವುದಿಲ್ಲ, ಬಣ್ಣದಲ್ಲೇ ಕಟ್ಟಿಕೊಳ್ಳುತ್ತದೆ. ಅಲ್ಲಿ ವೇಗ ಕಡಿಮೆ ಇರಲಿ.

ಬಿಸಿಲಿನಲ್ಲಿ ಮಾಡಬೇಡಿ. ಬೇಸಿಗೆಯಾದರೆ ಬೆಳಗ್ಗೆ ಹತ್ತರೊಳಗೆ ಮುಗಿಸಿ, ಲೇಪ ಒಣಗಿ ಪುಡಿ ಏಳಲು ಶುರುವಾದರೆ ಅಲ್ಲಿಗೆ ಬಿಡಿ.

ಹಂತ 8: ಒರೆಸಿ, ನಿಜಸ್ಥಿತಿ ನೋಡಿ

ಬಹಳಷ್ಟು ಪಾಲಿಶ್‌ಗಳಲ್ಲಿ ಎಣ್ಣೆಯ ಅಂಶ ಇರುತ್ತದೆ. ಮುಗಿದ ತಕ್ಷಣ ಕಾಣುವ ಹೊಳಪಿನಲ್ಲಿ ಒಂದು ಪಾಲು ಅದರದ್ದು. ಒಂದು ಭಾಗ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ನಾಲ್ಕೈದು ಭಾಗ ನೀರು ಬೆರೆಸಿ ಸಿಂಪಡಿಸಿ, ಹೊಸ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಈಗ ಕಂಡದ್ದೇ ಸತ್ಯ. ಅಂಗಡಿಯಲ್ಲಿ ಮಾಡಿಸಿದರೂ ಹಣ ಕೊಡುವ ಮೊದಲು ಒಂದು ಅಡಿ ಜಾಗವನ್ನು ಹೀಗೆ ಒರೆಸಿ ತೋರಿಸಲು ಹೇಳಿ. ಮುಖ ಗಂಟಿಕ್ಕಿದರೆ ನಿಮಗೆ ಉತ್ತರ ಸಿಕ್ಕಿತು.

ಹಂತ 9: ಮೇಲೊಂದು ಕಾಪು

ಪಾಲಿಶ್ ಆದ ಬಣ್ಣ ಬರಿಮೈ. ಅದೇ ದಿನ ವ್ಯಾಕ್ಸ್ ಅಥವಾ ಸೀಲೆಂಟ್ ಹಾಕಿ. ವ್ಯಾಕ್ಸ್‌ಗಳಲ್ಲಿ ಹೆಸರಾದದ್ದು ಕಾರ್ನೌಬಾ, ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಯಿಂದ ತೆಗೆದದ್ದು. ಗಾಢ ಬಣ್ಣಗಳಿಗೆ ಸೊಗಸಾದ ಆಳ ಕೊಡುತ್ತದೆ, ಆದರೆ ನಮ್ಮ ಬಿಸಿಲಿನಲ್ಲಿ ಕೆಲವು ವಾರಗಳಷ್ಟೇ ಬಾಳುತ್ತದೆ. ಸೀಲೆಂಟ್ ಎಂದರೆ ಕೃತಕ ಪಾಲಿಮರ್ ಲೇಪ. ಕೆಲವು ತಿಂಗಳು ನಿಲ್ಲುತ್ತದೆ. ಬಯಲುಸೀಮೆಯ ಬಿಸಿಲಿಗೂ ಮಂಗಳೂರಿನ ಮಳೆಗೂ ನನ್ನ ಮತ ಸೀಲೆಂಟಿಗೇ. ತೆಳುವಾಗಿ ಹಚ್ಚಿ, ದಪ್ಪ ಹಚ್ಚಿದರೆ ಹೆಚ್ಚು ಬಾಳುವುದಿಲ್ಲ, ಒರೆಸುವ ಕೆಲಸ ಹೆಚ್ಚುತ್ತದೆ.

"ಟೆಫ್ಲಾನ್ ಕೋಟಿಂಗ್" ಎಂದು ಹೇಳಿದರೆ ಒಂದು ಮಾತು ನೆನಪಿರಲಿ: ಆ ಪದಾರ್ಥ ಕರಗುವುದೇ ಸುಮಾರು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕಾವಲಿಗೆ ಕೂರಿಸುವಾಗ ಅಂಥ ಶಾಖ ಕೊಡುತ್ತಾರೆ. ಕಾರಿನ ಬಣ್ಣಕ್ಕೆ ಹಾಗೆ ಕೊಡಲಾಗದು. ನಿಮಗೆ ಸಿಗುತ್ತಿರುವುದು ಒಂದು ಸೀಲೆಂಟ್, ಆ ಬೆಲೆಗೆ ಸರಿಹೋದರೆ ಮಾಡಿಸಿಕೊಳ್ಳಿ. ಸೆರಾಮಿಕ್ ಜಾಹೀರಾತಿನ "9ಎಚ್" ಕೂಡ ಪೆನ್ಸಿಲ್ ಗಡಸಿನ ಅಳತೆ. ಕಲ್ಲಿನ ಗಡಸಿನ ಅಳತೆಯೆಂದು ತಿಳಿದು, ಗೇಟಿಗೆ ಉಜ್ಜಿದರೂ ಗೀರು ಬೀಳದು ಎಂದುಕೊಳ್ಳಬೇಡಿ.

ಪಾಲಿಶ್ ಮುಟ್ಟಬಾರದ ಕಾರುಗಳು

ಹೊಸದಾಗಿ ಬಣ್ಣ ಮಾಡಿಸಿದ ಭಾಗಕ್ಕೆ ಒಂದೆರಡು ತಿಂಗಳು ವ್ಯಾಕ್ಸ್, ಸೀಲೆಂಟ್, ಕೋಟಿಂಗ್ ಯಾವುದೂ ಬೇಡ. ಬಣ್ಣದೊಳಗಿನ ದ್ರಾವಕ ಆರಬೇಕು. ಬೂತ್‌ನಲ್ಲಿ ಬಿಸಿ ಕೊಟ್ಟು ಒಣಗಿಸಿದ್ದರೆ ಕಾಯುವ ಅವಧಿ ಕಡಿಮೆ, ಬಣ್ಣ ಹಾಕಿದವರನ್ನೇ ಕೇಳಿ. ಸದ್ಯದಲ್ಲೇ ಡೆಂಟ್ ತೆಗೆಸಿ ಬಣ್ಣ ಮಾಡಿಸುವ ಯೋಚನೆ ಇದ್ದರೆ ಸಿಲಿಕೋನ್ ಇರುವ ಪಾಲಿಶ್ ಹಚ್ಚಬೇಡಿ. ಅದರ ಒಂದು ಚೂರು ಉಳಿದರೂ ಹೊಸ ಬಣ್ಣ ಅಲ್ಲಲ್ಲಿ ಹಿಂದೆ ಸರಿದು ಪುಟ್ಟ ಗುಳಿಗಳಾಗುತ್ತವೆ.

ಪಿಪಿಎಫ್ ಎಂಬ ಪಾರದರ್ಶಕ ಫಿಲ್ಮ್ ಅಂಟಿಸಿದ್ದರೆ ಅದರ ಮೇಲೆ ಕಾಂಪೌಂಡ್ ಹಾಕಬೇಡಿ, ಅಂಚು ಕಿತ್ತು ಬರುತ್ತದೆ. ಮ್ಯಾಟ್ ಬಣ್ಣದ ಕಾರು, ಬೈಕ್ ಟ್ಯಾಂಕುಗಳಿಗಂತೂ ಯಾವ ಪಾಲಿಶೂ ಬೇಡ. ಉಜ್ಜಿದ ಜಾಗ ಮಾತ್ರ ಮಿರುಗುತ್ತದೆ, ಅದನ್ನು ಮತ್ತೆ ಮ್ಯಾಟ್ ಮಾಡಲು ಆ ಭಾಗಕ್ಕೆ ಪೂರ್ತಿ ಬಣ್ಣವನ್ನೇ ಹೊಡೆಸಬೇಕಾಗುತ್ತದೆ. ಸ್ಟಿಕರ್ ಇರುವ ಟ್ಯಾಂಕುಗಳಲ್ಲಿ ಸ್ಟಿಕರಿನ ಅಂಚಿಗೆ ಉಗುರು ತಾಗಿಸಿ. ಅಂಚು ಸಿಕ್ಕಿದರೆ ಅದರ ಮೇಲೆ ಕ್ಲಿಯರ್ ಇಲ್ಲ. ಅದಕ್ಕೆ ಟೇಪ್ ಹಚ್ಚಿ, ಸುತ್ತಲಿನ ಬಣ್ಣಕ್ಕೆ ಮಾತ್ರ ಕೈಯಲ್ಲೇ ನುಣುಪು ಪಾಲಿಶ್ ಹಾಕಿ.